ಯಾವ ದೇವರ ಒಕ್ಕಲು

‘ಸ್ಲೇಟು ಹಿಡಿಯದವಳು ನರ್ಸಾಗ್ತಾಳಂತೆ’ ಎಂದು ನಕ್ಕವರು ನನ್ನ ಸೋದರಮಾವ. ನಾನು ಮನೆಯಲ್ಲೇ ಓದಿ, ಪರೀಕ್ಷೆ ಕಟ್ಟಿ, ತರಬೇತಿ ಮುಗಿಸಿ, ನರ್ಸಾಗಿಯೇ ಬಂಡಳ್ಳಿಗೆ ಹೋದೆ.

ಅಲ್ಲಿ ಕೂಸು ಕಳೆದುಕೊಂಡ ಬಾಣಂತಿಯೊಬ್ಬಳು ಊಟ, ಮಾತು ಎರಡನ್ನೂ ಬಿಟ್ಟಿದ್ದಳು. ಎರಡು ದಿನ ಸುಮ್ಮನೆ ಅವಳ ಪಕ್ಕ ಕೂತು ಬಂದೆ. ಮೂರನೇ ದಿನ ಅವಳೇ ಕೇಳಿದಳು: ‘ನೀವು ಯಾವ ದೇವ್ರ ಒಕ್ಲು, ನರ್ಸಮ್ಮ?’

ನಮ್ಮ ಮನೆದೇವರು ಮಾದಪ್ಪ; ನಾನು ಅವನ ಒಕ್ಕಲು. ಹೇಳದಿದ್ದರೆ ಮತ್ತೆ ಬಾಯಿ ಮುಚ್ಚಿಬಿಡುತ್ತಾಳೇನೋ ಎಂಬ ಭಯವಿತ್ತು. ಆದರೂ, ‘ಅದನ್ನ ಮನೇಲೇ ಬಿಟ್ಟು ಬಂದಿವ್ನಿ ಕಣವ್ವ. ಇಲ್ಲಿ ನಿನ್ನ ನೋಡಕ್ಕೆ ಬಂದಿರೋದು’ ಎಂದೆ.

ಅವಳು ಉಸಿರು ಬಿಟ್ಟಳು. ‘ಸದ್ಯ. ಅರಕೆ ತೀರಿಸ್ನಿಲ್ಲ ಅಂತ ಮಾದಪ್ಪನೇ ಕೂಸ ಕರ್ಕಂಡ ಅಂತಾರೆ ಎಲ್ಲ. ನೀವೂ ಅವನ ಒಕ್ಲು ಅಂದಿದ್ರೆ ನಿಮ್ಮ ಮುಂದೆ ಅವನ್ನ ಬೈಯಕಾಯ್ತಿರ್ನಿಲ್ಲ.’

ಆಮೇಲೆ ಮನಸಾರೆ ಬೈದಳು. ನನ್ನ ದೇವರನ್ನು ಅಷ್ಟು ಬೈದದ್ದು ನಾನು ಕೇಳಿದ್ದೇ ಇಲ್ಲ. ಕೆನ್ನೆ ಬಡಿದುಕೊಳ್ಳಲು ಏಳುತ್ತಿದ್ದ ಕೈಯನ್ನು ಸೆರಗಿನೊಳಗೆ ಬಿಗಿಹಿಡಿದೆ. ಬೈದು, ಅತ್ತು, ಅರ್ಧ ಮುದ್ದೆ ಉಂಡಳು. ನನಗೆ ಜೀವ ಬಂತು.

ಈಗ ಕೊಳ್ಳೇಗಾಲದಲ್ಲಿ ನನ್ನದೇ ಹೆಂಚಿನ ಮನೆಯಿದೆ. ಕಷ್ಟ ಹೇಳಿಕೊಳ್ಳಲು ಬಂದವರು ಧಾರಾಳವಾಗಿ ಮಾತಾಡಲೆಂದು ದೇವರ ಪಟವನ್ನು ಅಡುಗೆಮನೆಗೆ ಸಾಗಿಸಿದ್ದೇನೆ. ಅದಕ್ಕೆ ತೆತ್ತ ಬೆಲೆ ನಾಸ್ತಿಕಳೆಂಬ ಹೆಸರು. ಸೋಮವಾರ ಒಪ್ಪತ್ತು ಬಿಡದ ನಾಸ್ತಿಕಳು.