ಮೇಡಂ ಕೊಟ್ಟ ಚೀಲ

ನಮ್ಮ ಕೆಮಿಸ್ಟ್ರಿ ಮೇಡಂ ಮರಿಯಮ್ಮನಹಳ್ಳಿಯಿಂದ ಹೊಸಪೇಟೆಯ ಶಾಲೆಗೆ ನಾನು ಹೋಗುವ ಬಸ್ಸಿನಲ್ಲೇ ಬರುತ್ತಿದ್ದರು. ಸೀಟು ಸಿಗದಿದ್ದರೆ ಕೂತವರ ತೊಡೆಯ ಮೇಲೆ ಚೀಲವಿಟ್ಟು, "ಒಂಚೂರು ಹಿಡ್ಕೋರಿ" ಎಂದು ಹಾಯಾಗಿ ನಿಲ್ಲುತ್ತಿದ್ದರು. ಗುರುತು ಪರಿಚಯ ಬೇಕಿರಲಿಲ್ಲ.

ಒಮ್ಮೆ ಪರೀಕ್ಷೆಯಲ್ಲಿ ಉಪ್ಪು ಹೇಗಾಗುತ್ತದೆ ಎಂಬ ಪ್ರಶ್ನೆಗೆ ನಾನು ಸೋಡಿಯಂಗೆ ಮೈನಸ್, ಕ್ಲೋರಿನ್‌ಗೆ ಪ್ಲಸ್ ಹಾಕಿದ್ದೆ. ಹೊರಕವಚದಲ್ಲಿದ್ದ ಒಂದೇ ಎಲೆಕ್ಟ್ರಾನನ್ನು ಕ್ಲೋರಿನ್‌ಗೆ ಕೊಟ್ಟುಬಿಟ್ಟರೆ ಸೋಡಿಯಂಗೆ ನಷ್ಟ ತಾನೇ?

ಮರುದಿನ ಬಸ್ಸಿನಲ್ಲಿ ಮೇಡಂ ಬಂದು ಪಕ್ಕದಲ್ಲಿ ನಿಂತರು. ನಾನು ಗಾಬರಿಯಿಂದ ಏಳಹೋದೆ.

"ಕುಂದ್ರವಾ, ಇದನ್ನ ಒಂಚೂರು ಹಿಡ್ಕೊ" ಎಂದು ಚೀಲ ಕೊಟ್ಟರು. "ಎಲೆಕ್ಟ್ರಾನ್ ಅಂದ್ರ ಮೈನಸ್ಸಿನ ಗಂಟು. ಗಂಟು ಕೊಟ್ಟಾಕಿ ನಾ ಪ್ಲಸ್ ಆದೆ, ಇಸ್ಕೊಂಡಾಕಿ ನೀ ಮೈನಸ್ ಆದಿ. ಪ್ಲಸ್ಸು ಮೈನಸ್ಸು ಒಂದನ್ನೊಂದು ಎಳೀತಾವ. ಹಂಗ ಆಗೂದು ಉಪ್ಪು. ಇನ್ನ ಚೀಲ ಬಿಟ್ಟು ನಾ ಎಲ್ಲಿಗೆ ಹೋಗ್ಲಿ?"

ಹೊಸಪೇಟೆ ಬಂತು. ಮೇಡಂ ಕಂಡಕ್ಟರನ ಜೊತೆ ಮಾತಾಡುತ್ತಲೇ ಇಳಿದು ಹೊರಟೇಬಿಟ್ಟರು. ಚೀಲ ನನ್ನ ತೊಡೆಯ ಮೇಲೆಯೇ ಇತ್ತು! ಅದನ್ನು ಎದೆಗವಚಿಕೊಂಡು, "ಮೇಡಂ, ಚೀಲ!" ಎಂದು ಕೂಗುತ್ತ ಬಸ್‌ಸ್ಟ್ಯಾಂಡಿನ ತುಂಬ ಓಡಿದೆ.

ಮೇಡಂ ತಿರುಗಿದರು. ಮುಖದಲ್ಲಿ ಒಂದಿಷ್ಟೂ ಮುಜುಗರವಿಲ್ಲ.

"ನಾನೇನ್ ಮರತಿಲ್ಲ ಬಿಡವಾ. ಪ್ಲಸ್ ಹೊಂಟ್ರ ಮೈನಸ್ ಬೆನ್ನ ಹತ್ತತೈತೋ ಇಲ್ಲೋ, ನೋಡಿದೆ ಅಷ್ಟ!"