ದೋಣಿಯ ಎಂಜಿನ್ನಿಗೂ ಕಾರಹುಣ್ಣಿಮೆ

ಮೊನ್ನೆ ಮನೆಯ ಗೇಟಿಗೆ ಬಣ್ಣ ಬಳಿಸಿದೆ. ಕೆಂಪು ಎಣ್ಣೆಬಣ್ಣದ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಆ ಘಾಟಿಗೆ ಕೂತಲ್ಲಿ ಕೂರಲಾಗದೆ ಅಂಗಳದಲ್ಲಿ ಅತ್ತಿಂದಿತ್ತ ತಿರುಗತೊಡಗಿದೆ. ಹೊಸ ಬಣ್ಣದ ವಾಸನೆ ಬೇರೆಯವರಿಗೆ ಹಬ್ಬವನ್ನೋ ಮದುವೆಯನ್ನೋ ನೆನಪಿಸುತ್ತದಂತೆ. ನನಗೆ ಮಾತ್ರ ಹೊತ್ತು ಇಳಿಯುತ್ತಿದೆ, ಏನೋ ಒಂದು ಚಾಲೂ ಆಗುತ್ತಿಲ್ಲ ಎಂಬ ತಳಮಳ. ಬಣ್ಣದವನು ನನ್ನನ್ನೇ ನೋಡಿ, "ಯಾಕ್ರಿ ಸಾಹೇಬ್ರ, ಬಣ್ಣ ಮನಸ್ಸಿಗಿ ಬರಲಿಲ್ಲೇನು?" ಎಂದ. ಬಣ್ಣ ಚೆನ್ನಾಗಿಯೇ ಇತ್ತು. ಅವನಿಗೆ ಏನು ಹೇಳಲಿ? ನಿಮಗಾದರೂ ಹೇಳುತ್ತೇನೆ.

ಎಪ್ಪತ್ತರ ದಶಕದ ಮಾತು. ನಾನಾಗ ಧಾರವಾಡದಲ್ಲಿ ಭೌತಶಾಸ್ತ್ರ ಓದುತ್ತಿದ್ದೆ. ಬಿಡುವು ಸಿಕ್ಕಾಗಲೆಲ್ಲ ಮುದ್ದೇಬಿಹಾಳ ತಾಲೂಕಿನಲ್ಲಿ ಕೃಷ್ಣೆಯ ದಂಡೆಗಿದ್ದ ಕಾಕಾನ ಮನೆಗೆ ಹೋಗುತ್ತಿದ್ದೆ. ಕಾಕಾ ಅಂದರೆ ತಂದೆಯ ತಮ್ಮ. ಕಪ್ಪು ಮಣ್ಣಿನ ಒಳ್ಳೆಯ ಹೊಲವಿದ್ದರೂ ಅವನ ಜೀವವೆಲ್ಲ ಹಳೆಯ ಯಂತ್ರಗಳಲ್ಲಿ. ಬಸವನ ಬಾಗೇವಾಡಿಯ ಸಂತೆಗೆ ಬೀಜ ತರಲು ಹೋದವನು ಸ್ಪ್ಯಾನರು ತಂದವನೆಂದು ಹೆಸರಾಗಿತ್ತು. ಹೊಳೆ ಅಳೆಯಲು ಬಂದಿದ್ದ ಜನ ಬಿಡಾರ ಕಿತ್ತುಕೊಂಡು ಹೋಗುವಾಗ ಹರಾಜಿಗಿಟ್ಟ ತಗಡಿನ ದೋಣಿಯೊಂದನ್ನು, ಅದರ ಹಿಂಬದಿಗೆ ತೂಗುಹಾಕುವ ಎಂಜಿನ್ನಿನ ಸಮೇತ, ಅವನು ಹೊಡೆದುಕೊಂಡು ಬಂದಿದ್ದ. ಕೀಲಿ ತಿರುವಿದರೆ ಬ್ಯಾಟರಿಯ ಮೇಲೆ ಏಳುವ ಎಂಜಿನ್ನು. ಹಗ್ಗ ಸುತ್ತಿ ಎಳೆಯಲು ಒಂದು ಗಾಲಿಯೂ ಇತ್ತು. ಆದರೆ ಹಗ್ಗದ ಗಂಟು ಸಿಕ್ಕಿಸುವ ಕಚ್ಚು ಮುರಿದುಹೋಗಿತ್ತು. ಹೀಗಾಗಿ ಕೀಲಿಯೇ ಗತಿ.

ಕಾಕಾನಿಗೆ ಆ ಎಂಜಿನ್ನು ದನದ ಮನೆಯ ಪೈಕಿ. ಕಾರಹುಣ್ಣಿಮೆಗೆ ಎತ್ತುಗಳ ಮೈ ತೊಳೆದು ಕೋಡಿಗೆ ಬಣ್ಣ ಹಚ್ಚುತ್ತಾರಲ್ಲ, ಆ ವರ್ಷ ಅದೇ ಡಬ್ಬಿಯ ಕೆಂಪು ಬಣ್ಣವನ್ನು ಅವನು ಎಂಜಿನ್ನಿಗೂ ಬಳಿದ. "ಬರೇ ಎತ್ತಿಗಿ ಹಚ್ಚಿ ಇದಕ್ಕ ಬಿಟ್ರ ಮುನಸ್ಕೋತೈತಿ. ಇದೂ ದುಡಿಯೂದ ಅಲ್ಲೇನು?" ಎಂದನಂತೆ. ಎತ್ತಿನ ಕೋಡಿಗೆ ಹಾಕುವಂತೆ ಹಿಡಿಕೆಗೆ ಒಂದು ಕೋಡಬಳೆಯನ್ನೂ ಸಿಕ್ಕಿಸಿದ್ದನೆಂದು ನೆನಪು. ಆ ಕೋಡಬಳೆಯನ್ನು ಕಂಡೆನೋ, ಬರೀ ಕೇಳಿದೆನೋ, ಈಗ ಪ್ರಮಾಣ ಮಾಡಿ ಹೇಳಲಾರೆ.

ಬೇಸಿಗೆಯಿಡೀ ಕವುಚಿ ಬಿದ್ದಿದ್ದ ದೋಣಿ ಆಷಾಢದಲ್ಲಿ ಬೇಕಾಯಿತು. ನಮ್ಮ ಕಡೆ ಇನ್ನೂ ಒಂದು ಹದ ಮಳೆಯಾಗಿರಲಿಲ್ಲ. ಘಟ್ಟದ ಮೇಲೆ ಸುರಿದದ್ದು ಇಳಿದು ಬಂದು, ಧೂಳೆದ್ದ ದಂಡೆಗಳ ನಡುವೆ ಹೊಳೆ ಮಾತ್ರ ಕೆಂಪಾಗಿ ಉಬ್ಬಿ ಹರಿಯುತ್ತಿತ್ತು. ನಾನು ಅಲ್ಲಿದ್ದಾಗಲೇ ಒಂದು ಮುಂಜಾನೆ, ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು ಒಬ್ಬ ಆಚೆ ದಂಡೆಯಿಂದ ಈಜಿ ಬಂದ. ಸೆಳವಿಗೆ ಸಿಕ್ಕು ಎಷ್ಟೋ ಕೆಳಗೆ ದಂಡೆ ಹತ್ತಿ, ನೀರು ಸುರಿಸುತ್ತ ನಡೆದು ಬಂದು ಕಾಕಾನ ಬಾಗಿಲಲ್ಲಿ ನಿಂತ. ಅವನು ಚಿಗವ್ವನ, ಎಂದರೆ ಕಾಕಾನ ಹೆಂಡತಿಯ, ತವರೂರಿನವನು.

"ತಂಗೆವ್ವಾ, ನಿಮ್ಮವ್ವ ಹೋದಳವಾ. ಹೊತ್ತು ಮುಳುಗೂದ್ರಾಗ ಮಣ್ಣು. ಅಲ್ಲೀತನಕ ಮಗಳ ದಾರಿ ನೋಡ್ತೇವಿ ಅಂದಾರ."

ಚಿಗವ್ವ ಒಬ್ಬಳೇ ಮಗಳು. ಕುಳ್ಳಿರಿಸಿ ಹೂಳುವ ಮುನ್ನ ತಾಯಿಯ ಹಣೆಗೆ ವಿಭೂತಿ ಹಚ್ಚಿ ಮೊದಲ ಹಿಡಿ ಮಣ್ಣು ಹಾಕಬೇಕಾದವಳು. ಸೇತುವೆ ಸುತ್ತಿ ಹೋದರೆ ಮರುದಿನವೇ ಸೈ. ಹರಗೋಲಿನವನು ನೀರು ನೋಡಿ, "ಇಂಥಾ ಸೆಳವಿನ್ಯಾಗ ಇದು ಬುಗುರಿ ತಿರುಗಿದಂಗ ತಿರುಗತೈತ್ರಿ. ನಾ ಒಲ್ಲೆ," ಎಂದುಬಿಟ್ಟ. ಚಿಗವ್ವ ಅಳಲಿಲ್ಲ. ವಿಭೂತಿ ಗಟ್ಟಿಯನ್ನು ಸೆರಗಿಗೆ ಕಟ್ಟಿಕೊಂಡಳು. ದೋಣಿಯನ್ನು ನೀರಿಗಿಳಿಸಿದ ಕೂಡಲೇ ಅದರಲ್ಲಿ ಹೋಗಿ ಕುಳಿತಳು.

ಕಾಕಾ ಕೀಲಿ ತಿರುವಿದ. ಟಕ್ ಎಂದಿತು. ಮತ್ತೆ ತಿರುವಿದ. ಟಕ್. ಅಷ್ಟೇ.

"ಹತ್ತತೈತೋ ಇಲ್ಲೋ, ಒಂದ ಮಾತು ಹೇಳ್ರಿ."

"ಹತ್ತತೈತಿ ಮಾರಾಯ್ತಿ, ಸುಮ್ನ ಕೂಡು."

"ನಾ ಸುಮ್ನ ಕುಂತೇನಿ. ನಿಮ್ಮ ಎಂಜಿನ್ ಸೈತ ಸುಮ್ನ ಕುಂತೈತಿ."

ಕಾಕಾ ನನ್ನ ಕಡೆ ತಿರುಗಿದ. ನನ್ನನ್ನು ಅವನು ಕರೆಯುತ್ತಿದ್ದದ್ದೇ ಊರ ಹೆಸರಿನಿಂದ. "ಏ ಧಾರವಾಡ, ಅಲ್ಲಿ ಕರೆಂಟ್ ಓದಾಕತ್ತೀಯೋ, ಕಥಿ ಓದಾಕತ್ತೀಯೋ? ಬಾ ಇಲ್ಲೆ."

ಬ್ಯಾಟರಿ ಸತ್ತಿರಬೇಕು ಎಂದೆ, ಬಹಳ ಗಂಭೀರವಾಗಿ. ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ಹೊತ್ತು ತಂದು ಜೋಡಿಸಿದೆವು. ಟಕ್. ಗೇರು ಸಿಕ್ಕಿದ್ದರೆ ಏಳುವುದಿಲ್ಲವೆಂದು ಅದನ್ನು ಅಲುಗಾಡಿಸಿ ನೋಡಿದೆವು. ಟಕ್. ಆಮೇಲೆ ಟ್ರ್ಯಾಕ್ಟರಿನ ದೀಪದ ಬಲ್ಬು ಕಿತ್ತು, ಎರಡು ತಂತಿ ಕಟ್ಟಿ ಪರೀಕ್ಷೆಗೆ ಇಳಿದೆವು. ಬಲ್ಬಿನ ಒಂದು ತಂತಿಯನ್ನು ಬ್ಯಾಟರಿಯ ಋಣ ತುದಿಗೆ ಹಿಡಿದು, ಇನ್ನೊಂದನ್ನು ಸ್ಟಾರ್ಟರಿಗೆ ಹೋಗುವ ದಪ್ಪ ತಂತಿಗೆ ಮುಟ್ಟಿಸಿದರೆ, ಕೀಲಿ ತಿರುವಿದಾಗಲೆಲ್ಲ ಝಗ್ಗನೆ ಹೊತ್ತುತ್ತಿತ್ತು. ವಿದ್ಯುತ್ತು ಸ್ಟಾರ್ಟರಿನ ಬಾಗಿಲತನಕ ಬರುತ್ತಿದೆ, ಆದರೂ ಅದು ತಿರುಗುತ್ತಿಲ್ಲ.

"ಸುಟ್ಟೈತಿ," ಎಂದು ಕಾಕಾ ದೋಣಿಯ ಅಂಚಿಗೆ ಕುಸಿದು ಕುಳಿತ. ಹೊತ್ತು ಆಗಲೇ ಪಡುವಣಕ್ಕೆ ವಾಲಿತ್ತು. ನಾನು ದಂಡೆಯ ಮೇಲೆ ಅಲ್ಲಿಂದಿಲ್ಲಿಗೆ ಸುಮ್ಮನೆ ನಡೆಯುತ್ತಿದ್ದೆ. ನಿಂತರೆ ಹೊತ್ತು ಇನ್ನೂ ಬೇಗ ಇಳಿಯುತ್ತದೆ ಎನ್ನುವಂತೆ.

ಆಗ ಚಿಗವ್ವ ಬಾಯಿಬಿಟ್ಟಳು. "ಕೋಡಿಗಿ ಬಡದಂಗ ಸಂದಿ ಬಿಡದ ಬಡದೀರಲ್ಲ. ತಂತಿಗೋಳ ಬುಡಕ್ಕೂ ಬಣ್ಣ, ಮೊಳಿಗೂ ಬಣ್ಣ. ಎತ್ತು ಆಗೇನಿ ಅಂತ ತಿಳಕೊಂಡಿರಬೇಕದು. ಬಾರಕೋಲಿಲ್ಲದ ಏಳಂಗಿಲ್ಲ."

ಕಾಕಾ ಸಿಟ್ಟಾಗಲಿಲ್ಲ. ಇಬ್ಬರೂ ಒಟ್ಟಿಗೇ ಎಂಜಿನ್ನಿನ ಮೇಲೆ ಬಾಗಿದೆವು. ಬ್ಯಾಟರಿಯಿಂದ ಹೋದದ್ದು ಎಂಜಿನ್ನಿನ ಮೈಯಿಂದ ಇನ್ನೊಂದು ತಂತಿಯ ಮೂಲಕ ಬ್ಯಾಟರಿಗೆ ತಿರುಗಿ ಬರಬೇಕು. ಹಬ್ಬದ ದಿನ ಕಾಕಾ ಆ ತಂತಿಯನ್ನು ಬಿಚ್ಚಿ, ಅದರ ಜಾಗಕ್ಕೂ ದಪ್ಪಗೆ ಬಳಿದು, ಒಣಗಿದ ಬಣ್ಣದ ಮೇಲೆಯೇ ಮತ್ತೆ ಬಿಗಿದಿದ್ದ. ಬಲ್ಬಿನ ತಂತಿಯನ್ನು ಋಣ ತುದಿಯಿಂದ ತೆಗೆದು ಎಂಜಿನ್ನಿನ ಮೈಯಲ್ಲಿ ಬಣ್ಣ ತಾಗದ ಜಾಗಕ್ಕೆ ಒತ್ತಿ ಹಿಡಿದರೆ ಬಲ್ಬು ಹೊತ್ತಲೇ ಇಲ್ಲ. ಹೋಗುವ ದಾರಿಯನ್ನಷ್ಟೇ ನೋಡುತ್ತ ನಾವು ಅರ್ಧ ದಿನ ಕಳೆದಿದ್ದೆವು. ಕುಡುಗೋಲಿನಿಂದ ಹೆರೆದಾಗ ಕೆಂಪಿನ ಕೆಳಗೆ ಲೋಹ ಬೆಳ್ಳಗೆ ಹೊಳೆಯಿತು. ಹೆರೆದವನು ನಾನೆಂದು ಬಹಳ ಜನರ ಮುಂದೆ ಹೇಳಿಕೊಂಡಿದ್ದೇನೆ. ಕಾಕಾ ಈಗಿಲ್ಲ, ಅಲ್ಲಗಳೆಯುವವರೂ ಇಲ್ಲ.

ತಂತಿಯನ್ನು ಮತ್ತೆ ಬಿಗಿದು ಕೀಲಿ ತಿರುವಿದ್ದೇ ಎಂಜಿನ್ನು ಗುಡುಗಿತು. ನಾನು ದೋಣಿಯ ಮೂತಿಯಲ್ಲಿ ಕುಳಿತಿದ್ದೆ. ಬೇರು ಸಮೇತ ತೇಲಿ ಬಂದ ಜಾಲಿ ಮರವೊಂದು ಪಕ್ಕದಲ್ಲೇ ಹಾದುಹೋಯಿತು. ಆಚೆ ದಂಡೆಯಲ್ಲಿ ಜನ ಎದ್ದು ನಿಂತರು. ಬೇವಿನ ನೆರಳು ಉದ್ದವಾಗಿತ್ತು. ಕುಳ್ಳಿರಿಸಿದ ಮುದುಕಿಯ ಮುಖ ಸಣ್ಣದು, ಗದ್ದ ಒಂದಿಷ್ಟು ಎಡಕ್ಕೆ ವಾಲಿತ್ತು, ಮೂಗಿನ ಪಕ್ಕ ಒಂದು ಹಚ್ಚೆಯ ಚುಕ್ಕೆ. ಚಿಗವ್ವ ಆ ಗದ್ದವನ್ನು ನೆಟ್ಟಗೆ ಮಾಡಿ, "ಯವ್ವಾ, ಬಂದೇನಿ ನೋಡು," ಎಂದಳು. ಆಮೇಲೆ ಮಣ್ಣು ಹಾಕಿದಳು. ಇಷ್ಟು ವರ್ಷ ನನ್ನ ಹತ್ತಿರ ಅತ್ಯಂತ ಸ್ಪಷ್ಟವಾಗಿ ಉಳಿದ ದೃಶ್ಯ ಇದೇ.

ಬಣ್ಣದವನು ಹೋದ ಮೇಲೆ ಚಿಗವ್ವನಿಗೆ ಫೋನು ಮಾಡಿದೆ. ಈಗ ಬಸವನ ಬಾಗೇವಾಡಿಯಲ್ಲಿ ಮೊಮ್ಮಕ್ಕಳ ಗದ್ದಲದ ನಡುವೆ ಇದ್ದಾಳೆ. ಕಿವಿ ಮಂದ, ಬಾಯಿ ಮಂದವಿಲ್ಲ. ಬಣ್ಣ ಹೆರೆದವರು ಯಾರೆಂದು ಕೇಳಿದೆ.

"ಯಾರರೆ ಹೆರೀರಿ, ನಾ ಹೊಳಿ ಕಡೆ ನೋಡಾಕತ್ತಿದ್ದೆ."

"ದೋಣಿ ಹತ್ತಿದ ಮ್ಯಾಲ ನಾನು ಮುಂದ ಕುಂತಿದ್ದೆ ನೋಡು..."

"ನೀ ಎಲ್ಲಿ ಹತ್ತಿದ್ಯೋ? ತೂಕ ಆಗತೈತಿ ಅಂತ ನಿನ್ನ ದಂಡಿ ಮ್ಯಾಲ ಬಿಟ್ರು. ನಿನ್ನ ಜಾಗಾದಾಗ ಸುದ್ದಿ ತಂದಾಂವ ಕುಂತ. ಮರುದಿನ ನಾವು ಬಂದಾಗ ಅಲ್ಲೇ ಕುಂತಿದ್ದಿ, ಕಣ್ಣು ಕೆಂಪಗ ಮಾಡ್ಕೊಂಡು."

ನಿನ್ನ ಅವ್ವನ ಮುಖ ನಾನು ಕಂಡದ್ದು ಹೇಗೆ ಎಂದು ಕೇಳಿದೆ. ಆ ಗದ್ದ, ಆ ಹಚ್ಚೆ? "ರೊಟ್ಟಿ ಬಡಕೋತ ನಾನ ಹೇಳಿದ್ದೆ ನಿನಗ, ಎಷ್ಟೋ ಸರ್ತಿ. ಬಿಡದ ಕೇಳ್ತಿದ್ದಿ," ಎಂದಳು.

ಹಾಗಾದರೆ ನನ್ನದೆಂದು ಉಳಿದದ್ದು ಸದ್ದು ಮಾತ್ರ. ಎಂಜಿನ್ನಿನ ಸದ್ದು ಸಣ್ಣದಾಗುತ್ತ, ಇನ್ನೂ ಸಣ್ಣದಾಗುತ್ತ ಹೋಗಿ ನಿಂತಿತ್ತು. ದಡ ಸೇರಿ ನಿಂತಿತೋ, ನಡುನೀರಿನಲ್ಲಿ ಕೈಕೊಟ್ಟಿತೋ? ಈಚೆ ದಂಡೆಯಲ್ಲಿ ನಿಂತವನಿಗೆ ಎರಡೂ ಒಂದೇ ಸದ್ದು. ಈಗ ಅದು ಕಿವಿಗೆ ಬಂತು, ಅಂಗಳದಲ್ಲಿ ತಿರುಗುವ ಕಾಲಿಗೂ ಬಂತು.

"ಹಂಗಾರ ಆ ಮುಖ ನಿಂದು ಚಿಗವ್ವ. ಸುಳ್ಳೇ ನಂದು ಅಂತ ಇಟ್ಕೊಂಡಿದ್ದೆ."

ಆ ಕಡೆ ಯಾವುದೋ ಮಗು ಅಳುತ್ತಿತ್ತು. ಎಂದೂ ಇಲ್ಲದ ಮೆತ್ತಗಿನ ದನಿಯಲ್ಲಿ ಅವಳು ಕೇಳಿದಳು:

"ನನಗ ಈಗೀಗ ಅವ್ವನ ಮಾರಿ ಸರಿ ನೆನಪಾಗವಲ್ದೋ ತಮ್ಮಾ. ಹಚ್ಚಿ ಚುಕ್ಕಿ ಯಾವ ಕಡೆ ಇತ್ತು ಅಂತ ಹೇಳಿದ್ದೆ ನಾ?"

ಎಡಗಡೆಯೋ ಬಲಗಡೆಯೋ, ನನಗೂ ಖಚಿತವಿರಲಿಲ್ಲ. "ಬಲಗಡೆ," ಎಂದೆ.