ರೊಟ್ಟಿ ಗಂಟಿನೊಳಗಿನ ಪೊಟ್ಟಣ

ಶಿರಸಿಯ ಹುಬ್ಬಳ್ಳಿ ರಸ್ತೆಯಲ್ಲಿ, ಲಾರಿಗಳು ನಿಲ್ಲುವ ಬಯಲಿನ ಪಕ್ಕ ಮುರಿಗೆವ್ವನ ಖಾನಾವಳಿ ಇತ್ತು. ದಾಸನಕೊಪ್ಪದಿಂದ ಬಂದ ಈ ವಿಧವೆಯ ರೊಟ್ಟಿ ಎಷ್ಟು ತೆಳುವೋ ಮಾತು ಅಷ್ಟೇ ದಪ್ಪ. ಡ್ರೈವರು, ಕ್ಲೀನರು, ಹಮಾಲರು ಎಲ್ಲ ಅವಳಿಗೆ ಮಕ್ಕಳೇ. ತಟ್ಟೆಯಲ್ಲಿ ಪಲ್ಯ ಬಿಟ್ಟರೆ ಬೈಗುಳ ಗ್ಯಾರಂಟಿ. ಒಂಟಿ ಗುಮಾಸ್ತನಾಗಿದ್ದ ನನಗೂ ಎರಡು ಹೊತ್ತಿನ ಊಟ ಅಲ್ಲೇ, ಬೈಗುಳವೂ ಅಲ್ಲೇ.

ಎರಡು ಸಾವಿರದ ಮೂರರ ಸುಮಾರಿಗೆ ಏಡ್ಸ್ ಬಗ್ಗೆ ತಿಳಿಹೇಳುವ ಸಂಸ್ಥೆಯೊಂದರಿಂದ ಪರಿಮಳಾ ಎಂಬ ಹುಡುಗಿ ಲಾರಿ ಬಯಲಿಗೆ ಬರತೊಡಗಿದಳು. ಅವಳನ್ನು ಕಂಡದ್ದೇ ಡ್ರೈವರುಗಳು ಟೈರು ನೋಡುವ ನೆಪದಲ್ಲಿ ಬಗ್ಗಿಬಿಡುತ್ತಿದ್ದರು. ಕೊನೆಗೆ ಅವಳು ನಿರೋಧ್ ತುಂಬಿದ ಡಬ್ಬ ಹಿಡಿದು ಖಾನಾವಳಿಗೇ ಬಂದಳು.

"ಅಮ್ಮಾ, ಇದನ್ನ ಇಲ್ಲಿಟ್ರೆ ಬೇಕಾದವರು ತಗೊಂಡು ಹೋಗ್ತಾರೆ."

ಮುರಿಗೆವ್ವ ಹರಿಹಾಯುತ್ತಾಳೆ ಎಂದುಕೊಂಡಿದ್ದೆ. ಡ್ರೈವರಾಗಿದ್ದ ಅವಳ ಅಕ್ಕನ ಮಗ ಅದೇ ರೋಗದಲ್ಲಿ ಸತ್ತದ್ದು ನನಗೆ ತಿಳಿದದ್ದು ಆಗಲೇ.

"ಇಡ್ರಿ ಅಕ್ಕಾರ. ನಮ್ಮ ಹುಡುಗ ಹೋದಂಗ ಇನ್ನೊಬ್ರ ಮನಿ ಹುಡುಗ ಹೋಗಬಾರ್ದು" ಎಂದಳು.

ಡಬ್ಬ ಗಲ್ಲಾಪೆಟ್ಟಿಗೆಯ ಪಕ್ಕ ಕೂತಿತು. ಅಲ್ಲೇ ಮುರಿಗೆವ್ವನೂ ಕೂತಿದ್ದಳು. ತಾಯಿಯಂಥವಳ ಕಣ್ಣೆದುರು ಯಾವ ಗಂಡಸು ಅದಕ್ಕೆ ಕೈ ಹಾಕಿಯಾನು? ಡಬ್ಬ ತುಂಬಿದ್ದು ತುಂಬಿದಂತೆಯೇ ಇತ್ತು. ಹಿತ್ತಲಲ್ಲಿ ಕೈ ತೊಳೆಯುವಲ್ಲಿ ಇಡಿ ಎಂದು ಪರಿಮಳಾ ಹೇಳಿದಳು. ಮುರಿಗೆವ್ವ ಕೇಳಬೇಕಲ್ಲ! ದಾರಿಗೆ ಬುತ್ತಿ ಕಟ್ಟಿಸಿಕೊಳ್ಳುವವರ ರೊಟ್ಟಿ ಗಂಟಿನಲ್ಲಿ, ಶೇಂಗಾ ಚಟ್ನಿಯ ಪೊಟ್ಟಣದ ಜೊತೆ ನಿರೋಧ್ ಪೊಟ್ಟಣಗಳನ್ನೂ ಗುಟ್ಟಾಗಿ ಸೇರಿಸತೊಡಗಿದಳು. ಯಾರೂ ತುಟಿ ಬಿಚ್ಚಲಿಲ್ಲ, ಆದರೆ ಬುತ್ತಿಗೆ ಗಿರಾಕಿ ಹೆಚ್ಚಿತು.

ಯಡವಟ್ಟಾದದ್ದು ಅಂದಾನಪ್ಪನಿಂದ. ಅವನು ಗೋವಾ ಲಾರಿಯ ಡ್ರೈವರು. ಒಮ್ಮೆ ಲಾರಿ ಕೆಟ್ಟು ಹೊರಡಲಾಗದೆ ಬುತ್ತಿಯನ್ನು ಹಾಗೇ ಮನೆಗೆ ಒಯ್ದ. ಗಂಟು ಬಿಚ್ಚಿದವಳು ಹೆಂಡತಿ ವಾಣಿಶ್ರೀ.

ಮರುದಿನ ಊಟದ ಹೊತ್ತಿಗೆ ಅವಳು ಆ ಗಂಟು ಹಿಡಿದು ಖಾನಾವಳಿಯ ಬಾಗಿಲಲ್ಲಿ ನಿಂತಳು.

"ಯಾರ್ರೀ ಇದನ್ನ ಕಟ್ಟಿದವ್ರು? ನನ್ನ ಗಂಡ ಎಲ್ಲೆಲ್ಲಿ ಹೊಕ್ಕಾನಂತ ನಿಮಗ ಗೊತ್ತೈತಿ, ನನಗ ಮಾತ್ರ ಗೊತ್ತಿಲ್ಲ, ಹೌದಿಲ್ಲೋ?"

ತುತ್ತು ಎತ್ತಿದ ಕೈಗಳು ಅಲ್ಲೇ ನಿಂತವು. ಖಾನಾವಳಿಯ ಹೆಸರೂ ಹೋಯಿತು, ಅಂದಾನಪ್ಪನ ಸಂಸಾರವೂ ಹೋಯಿತು ಎಂದು ನಾನು ನಿಜಕ್ಕೂ ಹೆದರಿದೆ. ಮುರಿಗೆವ್ವ ಎದ್ದು ಹೋಗಿ ಅವಳ ಕೈ ಹಿಡಿದು ಒಲೆಯ ಹತ್ತಿರ ಕೂರಿಸಿದಳು.

"ನಿನ್ನ ಗಂಡ ಎಲ್ಲಿ ಹೊಕ್ಕಾನೋ ನನಗ ಗೊತ್ತಿಲ್ಲವ್ವ. ಎಲ್ಲಾರ ಗಂಟಿನ್ಯಾಗೂ ಇಟ್ಟೀನಿ. ನನ್ನ ಅಕ್ಕನ ಮಗ ಸತ್ತ. ಅವನಿಂದ ರೋಗ ಹತ್ತಿ, ಏನೂ ಅರಿಯದ ಅವನ ಹೇಣ್ತಿನೂ ಹೋದ್ಲು. ಆಗ ಹೇಳವ್ರು ಯಾರೂ ಇರಲಿಲ್ಲ" ಎನ್ನುತ್ತ ಅತ್ತುಬಿಟ್ಟಳು. ಬೈಯುವುದನ್ನಷ್ಟೇ ಕಂಡಿದ್ದ ನಮಗೆ ಅವಳ ಅಳು ನೋಡಲಾಗಲಿಲ್ಲ.

ವಾಣಿಶ್ರೀ ಗಂಟನ್ನು ಅಲ್ಲೇ ಬಿಟ್ಟು ಎದ್ದು ಹೋದಳು. ಅಂದಾನಪ್ಪ ಇತ್ತ ಸುಳಿಯುವುದನ್ನೇ ಬಿಟ್ಟ. ಮುರಿಗೆವ್ವ ಡಬ್ಬವನ್ನು ಪರಿಮಳಾ ಹೇಳಿದ ಜಾಗಕ್ಕೇ ಸಾಗಿಸಿದಳು. "ನನ್ನ ಶ್ಯಾಣ್ಯಾತನ ಒಂದ್ ಮನಿ ಮುರೀತು" ಎಂದು ರೊಟ್ಟಿ ಬಡಿಯುವಾಗಲೂ ಗೊಣಗುತ್ತಿದ್ದಳು. ಆ ದಿನಗಳಲ್ಲಿ ಪಲ್ಯ ಬಿಟ್ಟರೂ ಬೈಗುಳವಿರಲಿಲ್ಲ.

ಕೆಲವು ವಾರಗಳ ಮೇಲೆ ಗಂಡ ಹೆಂಡತಿ ಇಬ್ಬರೂ ಬಂದರು. ಅಂದಾನಪ್ಪ ತಲೆ ತಗ್ಗಿಸಿ ಹೊರಗೇ ನಿಂತ. ವಾಣಿಶ್ರೀ ಒಳಗೆ ಬಂದಳು.

"ಪರಿಮಳಕ್ಕಾರು ಕರ್ಕೊಂಡು ಹೋಗಿ ಇಬ್ರದೂ ರಕ್ತ ತೋರಿಸಿದ್ರು ಅವ್ವಾರ. ಏನಿಲ್ಲಂತ. ಮೂರು ತಿಂಗಳು ಬಿಟ್ಟು ಮತ್ತ ಬರ್ರಿ, ಅಲ್ಲೀತನಕ ಜ್ವಾಕಿ ಅಂದಾರ. ಇವ್ರನ್ನ ಕೇಳಬೇಕಂತ ಎಷ್ಟು ವರ್ಷದಿಂದ ಅಂದ್ಕೊಂಡಿದ್ದೆ, ಬಾಯಿ ಬರ್ತಿದ್ದಿಲ್ಲ. ಅವತ್ತಿನ ಜಗಳದಾಗ ಎಲ್ಲಾ ಕೇಳೀನಿ. ಅವ್ರೂ ಎಲ್ಲಾ ಹೇಳ್ಯಾರ."

ಮುರಿಗೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಬಾಗಿಲ ಕಡೆ ತಿರುಗಿ ಕೂಗಿದಳು: "ಏ ಅಂದಾನಪ್ಪ, ನಿನಗೇನು ಆರತಿ ಬೆಳಗಿ ಕರೀಬೇಕೇನು? ಬಾ ಒಳಗ!"

ಇಬ್ಬರೂ ಹೊಟ್ಟೆ ತುಂಬ ಉಂಡರು. ಎದ್ದ ಮೇಲೆ ವಾಣಿಶ್ರೀ ಎಲ್ಲರ ಮುಂದೆಯೇ ಹಿತ್ತಲಿಗೆ ನಡೆದು, ಡಬ್ಬದಿಂದ ಹಿಡಿ ತುಂಬ ತೆಗೆದುಕೊಂಡು ಬಂದು ಸೆರಗಿಗೆ ಕಟ್ಟಿಕೊಂಡಳು.

"ಅಷ್ಟ್ಯಾಕವ್ವ?" ಎಂದಳು ಮುರಿಗೆವ್ವ.

"ನಮ್ಮ ಓಣ್ಯಾಗ ಡ್ರೈವರ್ ಹೆಂಡ್ರು ಇನ್ನೂ ಭಾಳ ಮಂದಿ ಅದಾರ ಅವ್ವಾರ. ಅವ್ರಿಗೂ ಬಾಯಿ ಬರಲಿ."